ಐಟಿಐ ಮುಗಿಸಿದವನಿಗೆ ಪದವಿಯ ಬಾಗಿಲು ಮುಚ್ಚಿದೆಯೇ?

ಓದುಗರ ಪ್ರಶ್ನೆ:

"ನಾವು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಹತ್ತಿರದ ಹಳ್ಳಿಯವರು. ಮೂರು ಎಕರೆ ಖುಷ್ಕಿ ಜಮೀನಿದೆ. ನಾನು ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ. ಮಗ ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷದ ಎಲೆಕ್ಟ್ರಿಷಿಯನ್ ಐಟಿಐ ಓದಿ ಈ ವರ್ಷ ಒಳ್ಳೆಯ ಅಂಕಗಳೊಂದಿಗೆ ಪಾಸಾಗಿದ್ದಾನೆ. ಅಪ್ರೆಂಟಿಸ್ ಆಗಿ ಹೋಗುತ್ತೇನೆ ಎನ್ನುತ್ತಾನೆ. ಆದರೆ ನನ್ನ ಹೆಂಡತಿಯ ಅಣ್ಣ 'ಡಿಗ್ರಿ ಇಲ್ಲಂದ್ರ ನಾಳೆ ಹೆಣ್ಣು ಯಾರು ಕೊಡ್ತಾರ, ಐಟಿಐ ಅಂದ್ರ ಪಾನಾ ಹಿಡಿಯೋದು ಅಷ್ಟ' ಎಂದು ಮನೆಯಲ್ಲಿ ಎಲ್ಲರ ಮನಸ್ಸು ಕದಡಿದ್ದಾರೆ. ಇದರ ನಡುವೆ ಖಾಸಗಿ ಕಾಲೇಜೊಂದರ ಕಡೆಯವರು ಮನೆಗೇ ಬಂದು, ಬಿ.ವೋಕ್ ಎಂಬ ಪದವಿ ಇದೆ, ಐಟಿಐಯ ಎರಡು ವರ್ಷ ಕ್ರೆಡಿಟ್ ಬ್ಯಾಂಕಿನಲ್ಲಿ ಜಮೆಯಾಗುತ್ತದೆ, ಇನ್ನೊಂದೇ ವರ್ಷಕ್ಕೆ ಪದವಿ ಕೈಗೆ ಬರುತ್ತದೆ, ಕೆಲಸವೂ ಖಚಿತ, 45 ಸಾವಿರ ಕಟ್ಟಿ ಎಂದರು. ಮಗಳು ಪಿಯುಸಿ ವಾಣಿಜ್ಯ ಮುಗಿಸಿದ್ದಾಳೆ. ಕೊನೆಯ ವರ್ಷ ಕಂಪನಿಯಲ್ಲಿ ಕೆಲಸ ಮಾಡುತ್ತಲೇ ಮುಗಿಸುವ ಬಿ.ಕಾಂ ಇದೆಯಂತೆ, ಅದಕ್ಕೆ ಸೇರುತ್ತೇನೆ ಎನ್ನುತ್ತಾಳೆ. ಇದು ಮಕ್ಕಳನ್ನು ಅಗ್ಗದ ಕೂಲಿಗೆ ದುಡಿಸಿಕೊಳ್ಳುವ ಉಪಾಯವೋ, ನಿಜವಾದ ಓದೋ? ಕಸುಬು ಮತ್ತು ಪದವಿ ಎರಡನ್ನೂ ಒಬ್ಬನೇ ಪಡೆಯಲು ನಮ್ಮ ಕಡೆ ಸಾಧ್ಯವಿದೆಯೇ?"

ಉತ್ತರ:

ನಿಮ್ಮ ಪತ್ರದಲ್ಲಿ ಕೋರ್ಸುಗಳ ಹೆಸರು ಹಲವಿದ್ದರೂ ಆತಂಕ ಒಂದೇ: ಹದಿನಾರನೇ ವಯಸ್ಸಿನಲ್ಲಿ ಹುಡುಗ ಆರಿಸಿಕೊಂಡ ಐಟಿಐ ಅವನನ್ನು ಜೀವನಪೂರ್ತಿ ಪದವಿಯಿಂದ ಹೊರಗಿಟ್ಟುಬಿಡುತ್ತದೆಯೇ ಎಂಬುದು. ಹೊರಗಿಡುವುದಿಲ್ಲ. ಬಳ್ಳಾರಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇಪ್ಪತ್ತಾರು ವರ್ಷ ಎಲೆಕ್ಟ್ರಿಕಲ್ ಪಾಠ ಹೇಳಿದ ನಾನು, ಐಟಿಐಯಿಂದ ಬಂದು ಎಂಜಿನಿಯರ್ ಆದವರನ್ನು ಕಂಡಿದ್ದೇನೆ. ಅದೇ ಯೋಗ್ಯತೆಯಿದ್ದೂ ಅರ್ಧದಲ್ಲಿ ನಿಂತವರನ್ನು ಇನ್ನೂ ಹೆಚ್ಚು ಕಂಡಿದ್ದೇನೆ. ನಿಂತವರಲ್ಲಿ ಬಹುಪಾಲು ಜನ ಬುದ್ಧಿ ಸಾಲದೆ ನಿಂತವರಲ್ಲ. ಒಂದು ಓದಿನಿಂದ ಇನ್ನೊಂದು ಓದಿಗೆ ದಾಟುವ ಜಾಗದಲ್ಲಿ ಯಾವ ಕಾಗದ ಬೇಕು, ಯಾವ ವಿಷಯದ ತಯಾರಿ ಬೇಕು ಎಂದು ಯಾರೂ ಹೇಳದೇ ಇದ್ದುದರಿಂದ ನಿಂತರು. ಆದ್ದರಿಂದ ಐಟಿಐ ಮೇಲೋ ಡಿಗ್ರಿ ಮೇಲೋ ಎಂಬ ವಾದವನ್ನು ಬದಿಗಿಟ್ಟು, ಈ ದಾಟುವ ಜಾಗಗಳ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು, ಮನೆಗೆ ಬಂದವರು ಹೇಳಿದ ಮಾತುಗಳಲ್ಲಿ ಹುರುಳೆಷ್ಟು, ಹೊಟ್ಟೆಷ್ಟು ನೋಡೋಣ.

ಬಿ.ವೋಕ್, ಅಂದರೆ ಬ್ಯಾಚುಲರ್ ಆಫ್ ವೊಕೇಶನ್ ಎಂಬ ಪದವಿ ಇರುವುದು ನಿಜ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2014ರಲ್ಲಿ ಇದನ್ನು ಆರಂಭಿಸಿತು. ಪಠ್ಯದ ಸುಮಾರು 60 ಭಾಗ ಕೌಶಲ, 40 ಭಾಗ ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ನಿಲ್ಲಿಸಿದರೆ ಡಿಪ್ಲೊಮಾ, ಎರಡಕ್ಕೆ ನಿಲ್ಲಿಸಿದರೆ ಅಡ್ವಾನ್ಸ್‌ಡ್ ಡಿಪ್ಲೊಮಾ, ಮೂರು ವರ್ಷ ಪೂರೈಸಿದರೆ ಪದವಿ ಎಂಬುದು ಅದರ ರಚನೆ. ಯುಜಿಸಿ ಕಾಯ್ದೆಯ 22ನೇ ಕಲಂ ಅಡಿಯಲ್ಲಿ ಅದು ಮಾನ್ಯ ಪದವಿಯೇ. "ಯಾವುದೇ ಪದವಿ" ಎಂದು ಅರ್ಹತೆ ಕೇಳುವ ಪರೀಕ್ಷೆಗಳಿಗೆ ಬಿ.ವೋಕ್ ಆದವರು ಕೂಡಬಹುದು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬಿ.ವೋಕ್‌ನ ನಡುವೆ ಸಿಗುವ ಡಿಪ್ಲೊಮಾ ಬೇರೆ, ಪಾಲಿಟೆಕ್ನಿಕ್‌ನಲ್ಲಿ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷೆ ಬರೆದು ಪಡೆಯುವ ಡಿಪ್ಲೊಮಾ ಬೇರೆ. ಕಿರಿಯ ಎಂಜಿನಿಯರ್ ಹುದ್ದೆಗೆ ಕೇಳುವುದು ಎರಡನೆಯದನ್ನು. ಹೆಸರು ಒಂದೇ ಆದದ್ದರಿಂದ ಮೋಸ ಹೋಗುವುದು ಸುಲಭ, ಹೋದವರೂ ಇದ್ದಾರೆ.

ಓದಿದ್ದಕ್ಕೆ ಸಿಗುವ ಕ್ರೆಡಿಟ್‌ಗಳನ್ನು ವಿದ್ಯಾರ್ಥಿಯ ಹೆಸರಿನಲ್ಲಿ ಜಮೆ ಇಡುವ ಕ್ರೆಡಿಟ್ ಬ್ಯಾಂಕ್ ಇರುವುದೂ ನಿಜ. 2021ರಲ್ಲಿ ಅದರ ನಿಯಮಗಳು ಬಂದವು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು ಮತ್ತು ಕಸುಬು ತರಬೇತಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಲು ಹೊರಟಿತು. ವರ್ಷಕ್ಕೆ 1200 ಗಂಟೆಗಳ ಕಲಿಕೆ, ಅದಕ್ಕೆ 40 ಕ್ರೆಡಿಟ್. ಆ ಗಂಟೆಗಳು ತರಗತಿಯಲ್ಲಿ ಕಳೆದವಾದರೂ ಸರಿ, ವರ್ಕ್‌ಶಾಪಿನಲ್ಲಿ ಕಳೆದವಾದರೂ ಸರಿ. ತತ್ತ್ವ ಚೆನ್ನಾಗಿಯೇ ಇದೆ. ಆದರೆ ಅಳತೆ ಒಂದೇ ಆದ ಮಾತ್ರಕ್ಕೆ ಸರಕು ಒಂದೇ ಆಗುವುದಿಲ್ಲ. ಖಾತೆಯಲ್ಲಿ ಕ್ರೆಡಿಟ್ ಇದ್ದರೂ ಅದನ್ನು ಯಾವ ಪದವಿಗೆ, ಎಷ್ಟು ಒಪ್ಪಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸುವುದು ಪದವಿ ಕೊಡುವ ವಿಶ್ವವಿದ್ಯಾಲಯ. ಅದರ ಮೇಲೆ, ಪದವಿಯ ಕನಿಷ್ಠ ಅರ್ಧದಷ್ಟು ಕ್ರೆಡಿಟ್‌ಗಳನ್ನು ಆ ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು ಎಂದು 2021ರ ನಿಯಮವೇ ಹೇಳುತ್ತದೆ. ಮೂರು ವರ್ಷದ ಪದವಿಯ ಎರಡು ವರ್ಷವನ್ನು ಐಟಿಐ ತುಂಬಿಕೊಟ್ಟು, ಉಳಿದ ಒಂದೇ ವರ್ಷಕ್ಕೆ ಪದವಿ ಸಿಗುತ್ತದೆ ಎಂಬ ಲೆಕ್ಕ ಈ ಒಂದು ಸಾಲಿನ ಮುಂದೆಯೇ ನಿಲ್ಲುವುದಿಲ್ಲ. ಅಲ್ಲದೆ ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷದ ಐಟಿಐ ಪಿಯುಸಿಯ ಮಟ್ಟದ ಓದು. ಪದವಿಯ ಮೊದಲ ಎರಡು ವರ್ಷದ ಮಟ್ಟದ್ದಲ್ಲ.

"ಕೆಲಸ ಖಚಿತ" ಎಂಬುದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಕಾಲೇಜಿನ ಮುದ್ರೆಯಿರುವ ಕಾಗದದಲ್ಲಿ ಬರೆದುಕೊಡಲು ಕೇಳಿ ನೋಡಿ.

ಇನ್ನು ನಿಮ್ಮ ಭಾವನವರ ಮಾತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಸೀಮೆಯಲ್ಲಿ ಡಿಗ್ರಿ ಎನ್ನುವುದು ಓದಿಗಿಂತ ಹೆಚ್ಚಾಗಿ ಮರ್ಯಾದೆಯ ಗುರುತು ಎಂಬುದು ಮದುವೆ ಮಾತುಕತೆಗೆ ಕೂತವರಿಗೆಲ್ಲ ಗೊತ್ತು. ಆದರೆ ಐಟಿಐ ಎಂದರೆ ಪಾನಾ ಹಿಡಿಯುವುದು ಅಷ್ಟೇ ಎಂಬುದು ಸರಿಯಲ್ಲ. ಕಟ್ಟಡಗಳ, ಕಾರ್ಖಾನೆಗಳ ವಿದ್ಯುತ್ ಕೆಲಸಕ್ಕೆ ಬೇಕಾದ ವೈರ್‌ಮನ್ ಪರ್ಮಿಟ್ಟನ್ನು ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆ ಕೊಡುವುದು ಕಸುಬಿನ ಅರ್ಹತೆ ನೋಡಿ, ಬಿ.ಎ. ಪದವೀಧರನಿಗೆ ಅದು ಸಿಗುವುದಿಲ್ಲ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ ಕೇಳುತ್ತಾರೆ. ಶಕ್ತಿನಗರದ, ಕುಡಿತಿನಿಯ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಕೈಗಳಲ್ಲಿ ಐಟಿಐ ಓದಿದ ಕೈಗಳು ಬಹಳ. ಅಂಥವರ ಕಷ್ಟ ಬೇರೆ: ಮೂವತ್ತೈದು ದಾಟಿದ ಮೇಲೆ ಮೇಸ್ತ್ರಿಯಿಂದ ಮೇಲ್ವಿಚಾರಕನ ಹುದ್ದೆಗೆ ಏರಬೇಕಾದಾಗ, ಡಿಪ್ಲೊಮಾ ಇಲ್ಲ ಎಂಬ ಕಾರಣಕ್ಕೆ ಅವರು ಕೆಲಸ ಕಲಿಸಿದ ಹುಡುಗನೇ ಅವರ ಮೇಲಧಿಕಾರಿಯಾಗಿ ಬರುತ್ತಾನೆ. ಡಿಪ್ಲೊಮಾ, ಪದವಿಯ ಅಗತ್ಯ ಇರುವುದು ಅಲ್ಲಿ.

ಹಾಗಾದರೆ ಎರಡೂ ಮೊದಲಿಂದಲೇ ಒಟ್ಟಿಗೆ ಏಕಿಲ್ಲ ಎಂದು ನೀವು ಕೇಳಬಹುದು. ಕಾರಣ ಆಡಳಿತದಲ್ಲಿದೆ. ಐಟಿಐ ಕೈಗಾರಿಕಾ ತರಬೇತಿ ಇಲಾಖೆಯದ್ದು. ಅದರ ಪಠ್ಯ ಮತ್ತು ಪ್ರಮಾಣಪತ್ರ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದಿಂದ ಬರುತ್ತವೆ. ಡಿಪ್ಲೊಮಾ ತಾಂತ್ರಿಕ ಶಿಕ್ಷಣ ಇಲಾಖೆಯದ್ದು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೈಕೆಳಗಿನವು. ಬಿ.ಎ., ಬಿ.ಕಾಂ, ಬಿ.ಎಸ್ಸಿ ಮಾತ್ರ ನಮ್ಮ ಪ್ರಾದೇಶಿಕ ವಿಶ್ವವಿದ್ಯಾಲಯಗಳ ಪಾಲಿನವು. ಅಂದರೆ ಒಬ್ಬ ಹುಡುಗ ಫಿಟ್ಟರ್‌ನಿಂದ ಪದವಿಯವರೆಗೆ ಹೋಗಬೇಕಾದರೆ ನಾಲ್ಕು ಕಚೇರಿಗಳ ಗಡಿ ದಾಟಬೇಕು, ಪ್ರತಿ ಗಡಿಯಲ್ಲೂ ಅವನ ಹಿಂದಿನ ಕಾಗದವನ್ನು ಅನುಮಾನದಿಂದ ನೋಡುವವರಿರುತ್ತಾರೆ.

ನಮ್ಮ ವಿಶ್ವವಿದ್ಯಾಲಯಗಳ ವಯಸ್ಸೂ ಚಿಕ್ಕದು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಗುವವರೆಗೆ ಈ ಭಾಗ ಧಾರವಾಡವನ್ನೇ ನೋಡಬೇಕಿತ್ತು. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ. ರಾಯಚೂರು ಮತ್ತು ಕೊಪ್ಪಳದವು ಅದಕ್ಕಿಂತಲೂ ಈಚಿನವು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ನಡೆಯುವ ಕಾಲೇಜಿಗೆ ಕೌಶಲ ಪಠ್ಯ ಕೊಟ್ಟರೆ, ವೆಲ್ಡಿಂಗ್ ಹೇಳಿಕೊಡುವ ಬೋಧಕನ ಹುದ್ದೆಯೂ ಇಲ್ಲ, ವೆಲ್ಡಿಂಗ್ ಯಂತ್ರವೂ ಇಲ್ಲ; ಕಪ್ಪುಹಲಗೆಯ ಮೇಲೆ ವೆಲ್ಡಿಂಗ್ ನಡೆಯುತ್ತದೆ. ಎಲ್ಲ ಕಡೆ ಹೀಗೇ ಎಂದಲ್ಲ. ಸಂಡೂರು ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಖನಿಜ ಸಂಸ್ಕರಣೆಯನ್ನು ಕಲಿಸುತ್ತಾರೆ: ಕಣ್ಣಳತೆಯಲ್ಲಿ ಅದಿರಿನ ಗುಡ್ಡ, ಆಚೆ ಗಣಿ, ನಡುವೆ ತರಗತಿ. ನೆಲದ ಕಸುಬು ವಿಶ್ವವಿದ್ಯಾಲಯದ ವಿಷಯವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಆದರೆ ಅದು ಸ್ನಾತಕೋತ್ತರ ಮಟ್ಟದಲ್ಲಿ ನಿಂತಿದೆ. ಐಟಿಐ ಮುಗಿಸಿದ ಹುಡುಗ ಏರಬೇಕಾದ ಕೆಳಗಿನ ಮೆಟ್ಟಿಲುಗಳು ಬೇರೆ ಇಲಾಖೆಗಳ ಕೈಯಲ್ಲಿವೆ.

ಈಗ ನಿಮ್ಮ ಮಗನ ಮುಂದಿರುವ ದಾರಿಗಳಿಗೆ ಬರುತ್ತೇನೆ.

ಹಳೆಯದೂ ಗಟ್ಟಿಯಾದದ್ದೂ ಆದ ದಾರಿ ಡಿಪ್ಲೊಮಾದ್ದು. ಎರಡು ವರ್ಷದ ಐಟಿಐ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಸೇರಬಹುದು. ಡಿಪ್ಲೊಮಾ ಮುಗಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಬಿ.ಇ.ಗೆ ಕೂಡ ನೇರ ಎರಡನೇ ವರ್ಷಕ್ಕೆ ಪ್ರವೇಶ. ಲೆಕ್ಕ ಹಾಕಿ: ಐಟಿಐ ಎರಡು, ಡಿಪ್ಲೊಮಾ ಎರಡು, ಬಿ.ಇ. ಮೂರು, ಒಟ್ಟು ಏಳು ವರ್ಷ. ಪಿಯುಸಿ ಮೂಲಕ ಹೋಗುವವನಿಗೆ ಎರಡು ಮತ್ತು ನಾಲ್ಕು, ಒಟ್ಟು ಆರು. ಒಂದೇ ವರ್ಷ ಹೆಚ್ಚು. ಆದರೆ ನಿಮ್ಮ ಮಗನ ಕೈಯಲ್ಲಿ ಪದವಿಯ ಜೊತೆಗೆ ಕಸುಬಿನ ಪ್ರಮಾಣಪತ್ರ ಮತ್ತು ಡಿಪ್ಲೊಮಾ ಎರಡೂ ಇರುತ್ತವೆ, ನಡುವೆ ಎಲ್ಲಿ ನಿಂತರೂ ಬರಿಗೈಯಲ್ಲಿ ನಿಲ್ಲುವುದಿಲ್ಲ. ಪಿಯುಸಿ ವಿಜ್ಞಾನದ ಹುಡುಗ ಬಿ.ಇ. ಎರಡನೇ ವರ್ಷದಲ್ಲಿ ಕೈಬಿಟ್ಟರೆ ಅವನ ಬಳಿ ಉಳಿಯುವುದು ಪಿಯುಸಿ ಅಂಕಪಟ್ಟಿ ಮಾತ್ರ.

ಈ ದಾರಿಯ ಅಪಾಯ ಗಣಿತ. ಐಟಿಐಯಿಂದ ನೇರ ಬಂದವನಿಗೆ ಡಿಪ್ಲೊಮಾ ಮೊದಲ ವರ್ಷದ ಗಣಿತ ತಪ್ಪಿರುತ್ತದೆ. ಮೂರನೇ ಸೆಮಿಸ್ಟರಿನ ಎಲೆಕ್ಟ್ರಿಕಲ್ ವಿಷಯಗಳು ಅದನ್ನು ಬಲ್ಲವರಿಗಾಗಿ ಬರೆದಂಥವು. ನನ್ನ ತರಗತಿಯಲ್ಲಿ, ಮೋಟಾರು ಚಾಲೂ ಮಾಡುವ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಕಣ್ಣು ಮುಚ್ಚಿ ಜೋಡಿಸುವ ಹುಡುಗ, ಎ.ಸಿ. ಸರ್ಕ್ಯೂಟಿನ ಲೆಕ್ಕದಲ್ಲಿ 'ಜೆ' ಎಂಬ ಒಂದಕ್ಷರ ಕಂಡರೆ ಬೆವರುತ್ತಿದ್ದ. ಅದೇ ಬೆಂಚಿನಲ್ಲಿ ಕೂತ, ಎಸ್ಸೆಸ್ಸೆಲ್ಸಿಯಿಂದ ನೇರ ಬಂದವನು ಲೆಕ್ಕ ಸರಸರ ಬಿಡಿಸಿ, ಮೋಟಾರಿನ ಟರ್ಮಿನಲ್ ಪೆಟ್ಟಿಗೆ ತೆರೆದರೆ ಯಾವ ತಂತಿ ಯಾವುದು ಎಂದು ತಿಳಿಯದೆ ನಿಲ್ಲುತ್ತಿದ್ದ. ಇಬ್ಬರನ್ನೂ ಜೋಡಿ ಮಾಡಿ ಕೂರಿಸಿದ ವರ್ಷಗಳಲ್ಲಿ ಫಲಿತಾಂಶ ಚೆನ್ನಾಗಿ ಬಂತು. ಮುಂದೆ ಬಿ.ಇ.ಯಲ್ಲೂ ಇದೇ ತೊಡಕಿದೆ ಎಂದು ತಿಳಿದೇ ತಾಂತ್ರಿಕ ವಿಶ್ವವಿದ್ಯಾಲಯ ಡಿಪ್ಲೊಮಾದಿಂದ ಬಂದವರಿಗೆ ಹೆಚ್ಚುವರಿ ಗಣಿತವನ್ನು ಇಟ್ಟಿತು. ನಿಮ್ಮ ಮಗ ಪಾಲಿಟೆಕ್ನಿಕ್ ಸೇರುವ ಮುನ್ನ ಮೊದಲ ವರ್ಷದ ಗಣಿತ ಪುಸ್ತಕವನ್ನು ಯಾರಿಂದಲಾದರೂ ಹೇಳಿಸಿಕೊಂಡು ಮುಗಿಸಿರಲಿ. ಪಠ್ಯದ ಇಂಗ್ಲಿಷ್ ಕೂಡ ಮೊದಲ ಎರಡು ತಿಂಗಳು ಅವನನ್ನು ಕಾಡುತ್ತದೆ, ಆಮೇಲೆ ರೂಢಿಯಾಗುತ್ತದೆ.

ಎರಡನೆಯದು ಮಗ ಬಯಸಿದ ಅಪ್ರೆಂಟಿಸ್ ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ, ಈಗಿನ ನಿಯಮದಲ್ಲಿ, 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಮತ್ತು ಈ ಲೆಕ್ಕದಲ್ಲಿ ಗುತ್ತಿಗೆ ಕೆಲಸಗಾರರೂ ಸೇರುತ್ತಾರೆ. ಗಿಣಿಗೇರಾದಿಂದ ತೋರಣಗಲ್ಲಿನವರೆಗೆ ಇಂಥ ಕಾರ್ಖಾನೆಗಳಿಗೆ ಕೊರತೆಯಿಲ್ಲ. ತರಬೇತಿಯ ಕೊನೆಗೆ ಪರೀಕ್ಷೆ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಅದರ ಕೆಳಹಂತದ ಹುದ್ದೆಗಳ ನೇಮಕದಲ್ಲಿ ಶೇ. 20ರಷ್ಟು ಪಾಲು ಇಟ್ಟಿದ್ದಾರೆ. ಆದರೆ ತರಬೇತಿ ಕೊಟ್ಟ ಕಾರ್ಖಾನೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಅಪ್ರೆಂಟಿಸ್ ಕಾನೂನಿನ ದೃಷ್ಟಿಯಲ್ಲಿ ಕಲಿಯುವವನು, ಕಾರ್ಮಿಕನಲ್ಲ. ಭವಿಷ್ಯನಿಧಿ, ಇಎಸ್‌ಐ ಅವನಿಗೆ ಅನ್ವಯಿಸುವುದಿಲ್ಲ. ತರಬೇತಿಯಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾತ್ರ ಕಾಯ್ದೆಯ 16ನೇ ಕಲಂ ಪ್ರಕಾರ ಮಾಲೀಕನದು. ಇದೆಲ್ಲ ಸಿಗುವುದು ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ಕರಾರು ನೋಂದಣಿಯಾದವನಿಗೆ ಮಾತ್ರ. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ "ಇದೂ ಅಪ್ರೆಂಟಿಸ್ಸೇ" ಎಂದು ವರ್ಷಗಟ್ಟಲೆ ದುಡಿದು, ಕೊನೆಗೆ ತೋರಿಸಲು ಒಂದು ಚೀಟಿಯೂ ಇಲ್ಲದೆ ನನ್ನ ಬಳಿ ಬಂದ ಹುಡುಗರಿದ್ದಾರೆ. ನೀವೇ ಗುತ್ತಿಗೆ ಕೆಲಸದಲ್ಲಿರುವವರು; ಈ ವ್ಯತ್ಯಾಸ ನಿಮಗೆ ಬೇಗ ಅರ್ಥವಾಗುತ್ತದೆ.

ಮೂರನೆಯದು, ಕೆಲಸ ಅಥವಾ ತರಬೇತಿಯ ಜೊತೆಗೇ ಸಾಮಾನ್ಯ ಪದವಿ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಕೊಟ್ಟಾಗ, ಐಟಿಐ ಮತ್ತು ಬಿ.ಎ. ಎರಡನ್ನೂ ನಿತ್ಯ ತರಗತಿಯಲ್ಲೇ ಒಟ್ಟಿಗೆ ಓದಬಹುದು ಎಂಬ ಸುದ್ದಿ ಹಬ್ಬಿತು. ತರಗತಿಗಳ ವೇಳೆ ಒಂದರ ಮೇಲೊಂದು ಬರಬಾರದು ಎಂಬ ಷರತ್ತನ್ನು ಯಾರೂ ಓದಲಿಲ್ಲ. ಐಟಿಐಗೆ ಶೇ. 80 ಹಾಜರಿ, ಪದವಿ ಕಾಲೇಜಿಗೆ ಶೇ. 75, ಒಬ್ಬನೇ ಹುಡುಗ ಬೆಳಿಗ್ಗೆ ಹತ್ತಕ್ಕೆ ಎರಡು ಕಡೆ ಇರಲಾರ. ಒಂದು ನಿತ್ಯ ತರಗತಿ ಅಥವಾ ತರಬೇತಿ, ಇನ್ನೊಂದು ದೂರಶಿಕ್ಷಣ ಎಂಬುದೇ ನಡೆಯುವ ದಾರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದಕ್ಕೆ ನಮ್ಮ ರಾಜ್ಯದ ಮುಖ್ಯ ಸಂಸ್ಥೆ. ಅದರ ಮಾನ್ಯತೆಗೇ ಕೆಲ ವರ್ಷ ಕುತ್ತು ಬಂದು 2018ರಲ್ಲಿ ಮರಳಿದ್ದನ್ನು ನೀವು ಕೇಳಿರಬಹುದು. ಆದ್ದರಿಂದ ದೂರಶಿಕ್ಷಣದ ಯಾವ ಕೋರ್ಸಿಗೇ ಆಗಲಿ, ಸೇರುವ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿಯ ಮಾನ್ಯತೆ ಇದೆಯೇ ಎಂದು ನೋಡಿಯೇ ಹಣ ಕಟ್ಟಬೇಕು. ಮತ್ತೊಂದು ಮಾತು: "ಮನೆಯಲ್ಲೇ ಕೂತು ದೂರಶಿಕ್ಷಣದ ಬಿ.ಇ., ಡಿಪ್ಲೊಮಾ" ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ಕಳಿಸಿಬಿಡಿ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಒಪ್ಪಿಗೆಯಿಲ್ಲದ ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗಳು ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಈ ಮೂರನೇ ದಾರಿಯಲ್ಲಿ ನಿಮ್ಮ ಮಗನಿಗೆ ಒಂದು ಕಾಗದದ ಕೊರತೆ ಇದೆ. ಅವನು ಪಿಯುಸಿ ಓದಿಲ್ಲ. ಐಟಿಐ ತನ್ನಷ್ಟಕ್ಕೆ ತಾನೇ ಎಲ್ಲ ಕಡೆಯೂ ಪಿಯುಸಿಗೆ ಸಮ ಎಂದು ತಿಳಿದು ಅರ್ಜಿ ಹಾಕಿ ತಿರಸ್ಕೃತರಾದವರು ಅನೇಕರು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಐಟಿಐ ಮುಗಿಸಿದವರಿಗೆ ಅವರ ಕಸುಬಿನ ಕಲಿಕೆಯನ್ನು ಲೆಕ್ಕಕ್ಕೆ ಹಿಡಿದು, ಭಾಷೆಯೂ ಸೇರಿದಂತೆ ಉಳಿದ ನಿಗದಿತ ವಿಷಯಗಳನ್ನು ಬರೆಸಿ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಇಟ್ಟಿದೆ. ಆ ಪ್ರಮಾಣಪತ್ರ ಕೈಯಲ್ಲಿದ್ದರೆ ಬಿ.ಎ., ಬಿ.ಕಾಂ, ಬಿ.ವೋಕ್ ಯಾವುದಕ್ಕೂ ಅರ್ಹತೆಯ ತಕರಾರು ಏಳುವುದಿಲ್ಲ.

ನನ್ನನ್ನೇ ಕೇಳಿದರೆ, ನಿಮ್ಮ ಮನೆಯ ಪರಿಸ್ಥಿತಿಗೆ ಮಗನ ಮಾತೇ ಸರಿ: ಮೊದಲು ನೋಂದಾಯಿತ ಅಪ್ರೆಂಟಿಸ್ ತರಬೇತಿ. ಆದರೆ ಆ ವರ್ಷವನ್ನು ಬರೀ ತರಬೇತಿಗೆ ಬಿಡಬಾರದು. ಅದೇ ವರ್ಷದಲ್ಲಿ ಸಂಜೆ ಹೊತ್ತು ಎನ್‌ಐಒಎಸ್ ವಿಷಯಗಳು, ವಾರಕ್ಕೆ ಎರಡು ದಿನ ಡಿಪ್ಲೊಮಾ ಮೊದಲ ವರ್ಷದ ಗಣಿತ. ವರ್ಷ ಮುಗಿಯುವ ಹೊತ್ತಿಗೆ ಅವನ ಮುಂದೆ ಡಿಪ್ಲೊಮಾ ಎರಡನೇ ವರ್ಷದ ಬಾಗಿಲೂ ತೆರೆದಿರುತ್ತದೆ, ಸಾಮಾನ್ಯ ಪದವಿಯ ಬಾಗಿಲೂ ತೆರೆದಿರುತ್ತದೆ, ಒಂದಿಷ್ಟು ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆಯ ಹಣವೂ ಉಳಿದಿರುತ್ತದೆ. ಇದರಲ್ಲಿರುವ ದೊಡ್ಡ ಅಪಾಯವನ್ನು ಮುಚ್ಚಿಡುವುದಿಲ್ಲ: ತಿಂಗಳ ಹಣ ಕೈಗೆ ಬರತೊಡಗಿದ ಹುಡುಗನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಕಷ್ಟ. ಬೈಕಿನ ಕಂತು ಶುರುವಾದರೆ ಓದಿನ ಮಾತು ಮುಗಿದಂತೆಯೇ. ಅವನು ಡಿಪ್ಲೊಮಾ ಮಾಡಿಯೇ ತೀರುತ್ತೇನೆ ಎಂದು ಈಗಲೇ ಗಟ್ಟಿಯಾಗಿ ಹೇಳುವವನಾದರೆ, ಮತ್ತು ನೀವು ಎರಡು ವರ್ಷ ನಿಭಾಯಿಸಬಲ್ಲಿರಾದರೆ, ಅಪ್ರೆಂಟಿಸನ್ನು ಮುಂದಕ್ಕೆ ಹಾಕಿ ಈ ವರ್ಷವೇ ಪಾಲಿಟೆಕ್ನಿಕ್ ಸೇರಿಸಿದರೂ ತಪ್ಪಿಲ್ಲ. ಡಿಪ್ಲೊಮಾ ನಂತರವೂ ಅಪ್ರೆಂಟಿಸ್ ಆಗಬಹುದು, ಆಗ ಸ್ಟೈಪೆಂಡೂ ಹೆಚ್ಚು. ಕೆಲಸಕ್ಕೆ ಸೇರಿ ವರ್ಷ ಕಳೆದವರು ಕಾರ್ಖಾನೆಯಿಂದ ನಿಗದಿತ ದೂರದೊಳಗಿನ ಕಾಲೇಜಿನಲ್ಲಿ ಅನುಕೂಲದ ವೇಳೆಯಲ್ಲಿ ಡಿಪ್ಲೊಮಾ ಅಥವಾ ಬಿ.ಇ. ಓದಲು ತಾಂತ್ರಿಕ ಶಿಕ್ಷಣ ಪರಿಷತ್ತು 2023ರಲ್ಲಿ ಅವಕಾಶ ಮಾಡಿದೆ. ಆದರೆ ಆ ಕಾಲೇಜು ಪರಿಷತ್ತಿನಿಂದ ಒಪ್ಪಿಗೆ ಪಡೆದು ತರಗತಿ ನಡೆಸುತ್ತಿರಬೇಕು, ಪಾಳಿಯ ಮೇಲ್ವಿಚಾರಕರೂ ಸಹಕರಿಸಬೇಕು. ಅದನ್ನೇ ನೆಚ್ಚಿ ಈಗಿನ ಅವಕಾಶ ಬಿಡಬೇಡಿ.

ಮಗಳ ವಿಷಯ. ಕೊನೆಯ ವರ್ಷ ಕಂಪನಿಯಲ್ಲಿ ತರಬೇತಿ ಪಡೆಯುವ ಬಿ.ಕಾಂ ಉಪಾಯವಲ್ಲ, ಯುಜಿಸಿಯ ವ್ಯವಸ್ಥೆಯೇ. 2020ರಲ್ಲಿ ಮೊದಲು ಮಾರ್ಗಸೂಚಿ ಬಂತು, 2025ರಲ್ಲಿ ಅದನ್ನು ಹೊಸದಾಗಿ ಹೊರಡಿಸಿದರು. ಮೂರು ವರ್ಷದ ಪದವಿಯಾದರೆ ಒಂದರಿಂದ ಮೂರು ಸೆಮಿಸ್ಟರ್‌ಗಳಷ್ಟು ಅಪ್ರೆಂಟಿಸ್ ತರಬೇತಿ ಪದವಿಯ ಭಾಗವಾಗಿಯೇ ಇರುತ್ತದೆ. ಅದಕ್ಕೆ ಅಂಕವುಂಟು, ಕ್ರೆಡಿಟ್ ಉಂಟು, ಸ್ಟೈಪೆಂಡ್ ಉಂಟು. ನಮ್ಮ ರಾಜ್ಯ 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷಕ್ಕೆ ಮರಳಿರುವುದರಿಂದ ಮಗಳಿಗೆ ಅನ್ವಯಿಸುವುದು ಇದೇ ಲೆಕ್ಕ. ಅಗ್ಗದ ಕೂಲಿಯಾಗುವ ಅಪಾಯವಿಲ್ಲವೆಂದು ಮಾತ್ರ ಹೇಳಲಾರೆ. ಲೆಕ್ಕಪತ್ರ, ಜಿಎಸ್‌ಟಿ, ದಾಸ್ತಾನು ನಿರ್ವಹಣೆ ಕಲಿಯಬೇಕಾದ ಹುಡುಗಿಯನ್ನು ವರ್ಷವಿಡೀ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಲ್ಲಿಸಿದರೆ ಅದು ಕಲಿಕೆಯಲ್ಲ.

ಕಾಲೇಜಿಗೆ ಹೋದಾಗ ಪ್ರಾಂಶುಪಾಲರನ್ನು ವಿನಯದಿಂದಲೇ, ಆದರೆ ಬಿಡದೆ ಕೇಳಿ. ಪದವಿ ಪತ್ರದಲ್ಲಿ ಬರುವ ಹೆಸರು ಏನು, ಬರೀ ಬಿ.ಕಾಂ ಎಂದೋ ಅದರ ಮುಂದೆ ಮತ್ತೇನಾದರೂ ಸೇರುತ್ತದೆಯೋ? ಮುಂದೆ ಎಂ.ಕಾಂ ಸೇರುವಾಗ ಇದು ಪ್ರಶ್ನೆಯಾಗುತ್ತದೆ. ಯಾವ ಕಂಪನಿಯೊಂದಿಗೆ ಒಪ್ಪಂದವಾಗಿದೆ, ತರಬೇತಿ ನಡೆಯುವ ಊರು ಯಾವುದು? ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ವಿಭಾಗ, ರಾಯಚೂರಿನ ಹತ್ತಿ ವ್ಯಾಪಾರದ ಕಚೇರಿ ಅಥವಾ ಬಳ್ಳಾರಿಯ ಜೀನ್ಸ್ ಘಟಕವಾದರೆ ಓಡಾಡಬಹುದು ಇಲ್ಲವೇ ಹಾಸ್ಟೆಲಿನಲ್ಲಿ ಇರಬಹುದು. ಬೆಂಗಳೂರಾದರೆ ಸ್ಟೈಪೆಂಡ್ ಪಿ.ಜಿ. ಬಾಡಿಗೆಗೇ ಸರಿಹೋಗುತ್ತದೆ, ಊಟದ ಖರ್ಚು ನಿಮ್ಮ ಮೇಲೆ ಬೀಳುತ್ತದೆ. ಕರಾರು ಸರ್ಕಾರದ ಅಪ್ರೆಂಟಿಸ್ ಪೋರ್ಟಲಿನಲ್ಲಿ ಮಗಳ ಹೆಸರಿಗೆ ದಾಖಲಾಗುತ್ತದೆಯೇ, ಹಣ ನೇರ ಅವಳ ಬ್ಯಾಂಕ್ ಖಾತೆಗೆ ಬರುತ್ತದೆಯೇ, ಅಂಕ ಕೊಡುವವರು ಯಾರು? ಕಂಪನಿ ನಡುವೆ ಕೈಬಿಟ್ಟರೆ ಕಾಲೇಜು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಪ್ರಾಂಶುಪಾಲರು ನಗಬಹುದು. ನೀವು ನಗಬೇಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ, ಲಾರಿಗಳಿಂದ ಹಿಡಿದು ತೂಕದ ಸೇತುವೆಯ ಗುಮಾಸ್ತರವರೆಗೆ ಕೆಲಸ ಕಳೆದುಕೊಂಡವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದೇ ಉದ್ಯಮವನ್ನು ನಂಬಿ ಕಟ್ಟಿದ ಕೋರ್ಸೂ ಹಾಗೆಯೇ ಒಂದು ದಿನ ನಿಲ್ಲಬಹುದು. ಪದವಿಯಲ್ಲಿ ಅಕೌಂಟೆನ್ಸಿ, ವ್ಯಾಪಾರ ಕಾನೂನಿನಂಥ ಎಲ್ಲೆಡೆ ನಡೆಯುವ ವಿಷಯಗಳು ಗಟ್ಟಿಯಾಗಿದ್ದರೆ ಮಾತ್ರ ಸೇರಿಸಿ.

ಕೊನೆಗೆ, ಈ ಹದಿನೈದು ದಿನಗಳಲ್ಲಿ ಆಗಬೇಕಾದ ಕೆಲಸಗಳು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಇಬ್ಬರು ಮಕ್ಕಳಿಗೂ ಇಲ್ಲದಿದ್ದರೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ. ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು, ಸರ್ಕಾರಿ ನೇಮಕದಲ್ಲಿ ಸಿ ದರ್ಜೆಯ ಶೇ. 80ರಷ್ಟು ಮತ್ತು ಡಿ ದರ್ಜೆಯ ಶೇ. 85ರಷ್ಟು ಹುದ್ದೆಗಳು ಸ್ಥಳೀಯರಿಗೆ ಮೀಸಲು. ಖಾಸಗಿ ಕಾರ್ಖಾನೆಗೆ ಇದು ಅನ್ವಯಿಸದು, ಆದರೆ ಪ್ರವೇಶದ ಹೊತ್ತಿಗೆ ಈ ಪತ್ರವಿಲ್ಲದೆ ಸೀಟು ಕಳೆದುಕೊಂಡವರಿದ್ದಾರೆ. ಮಗನ ಹೆಸರನ್ನು ಅಪ್ರೆಂಟಿಸ್ ಪೋರ್ಟಲಿನಲ್ಲಿ ಅವನು ಓದಿದ ಐಟಿಐಯ ಮೂಲಕವೇ ನೋಂದಾಯಿಸಿ. ಪಾಲಿಟೆಕ್ನಿಕ್‌ನ ನೇರ ಎರಡನೇ ವರ್ಷದ ಅರ್ಜಿಯ ದಿನಾಂಕಗಳನ್ನು ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್‌ನ ಸೂಚನಾ ಫಲಕದಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಮನೆಗೆ ಬಂದ ಆ ಕಾಲೇಜಿನವರಿಗೆ ಎರಡೇ ಕಾಗದ ಕೇಳಿ: ಅವರ ಬಿ.ವೋಕ್ ಕೋರ್ಸಿಗೆ ಈ ಶೈಕ್ಷಣಿಕ ವರ್ಷಕ್ಕೆ ವಿಶ್ವವಿದ್ಯಾಲಯ ಕೊಟ್ಟ ಸಂಯೋಜನೆಯ ಆದೇಶ, ಮತ್ತು ಐಟಿಐಯ ಕ್ರೆಡಿಟ್ಟನ್ನು ಇಷ್ಟು ಒಪ್ಪುತ್ತೇವೆ ಎಂದು ಅದೇ ವಿಶ್ವವಿದ್ಯಾಲಯ ಬರೆದುಕೊಟ್ಟ ಪತ್ರ. ಅವರು ಜೆರಾಕ್ಸ್ ತೋರಿಸಿದರೆ ಅದನ್ನು ಹಿಡಿದುಕೊಂಡು ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಗೆ ನೀವೇ ಹೋಗಿ, ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿಂದ ಲಿಖಿತ ಉತ್ತರ ಬರುವವರೆಗೆ ಆ 45 ಸಾವಿರದಲ್ಲಿ ಮುಂಗಡವೆಂದು ಐನೂರು ರೂಪಾಯಿಯನ್ನೂ ಕೊಡಬೇಡಿ, ಮಗನ ಮೂಲ ಅಂಕಪಟ್ಟಿಗಳನ್ನಂತೂ ಯಾರ ಕೈಗೂ ಕೊಡಬೇಡಿ.